ಹಕ್ಕಿ ಕಂಡ ಜಾಗವನ್ನು ಎಷ್ಟು ಹೇಳಬೇಕು?

ಪಕ್ಷಿವೀಕ್ಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಪರೂಪದ ಹಕ್ಕಿಯ ಚಿತ್ರವೊಂದು ಬಂದರೆ ಮೊದಲು ಕೇಳಿಬರುವುದು ಮೆಚ್ಚುಗೆ, ಅದರ ಬೆನ್ನಿಗೇ ‘ಲೊಕೇಶನ್ ಕಳಿಸಿ ಸರ್’ ಎಂಬ ಕೋರಿಕೆ. ಕೇಳುವವರಲ್ಲಿ ಬಹುಪಾಲು ಮಂದಿ ಒಳ್ಳೆಯವರೇ. ಭಾನುವಾರ ನಸುಕಿನಲ್ಲಿ ಎದ್ದು, ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ಹೊರಟು, ಈವರೆಗೆ ಪುಸ್ತಕದಲ್ಲಷ್ಟೇ ಕಂಡಿದ್ದ ಹಕ್ಕಿಯನ್ನು ಕಣ್ಣಾರೆ ನೋಡಿ ಬರಬೇಕೆಂಬ ಆಸೆ ಅವರದು. ಯಾವ ಕೆರೆಗೆ ಯಾವ ತಿಂಗಳಲ್ಲಿ ಯಾವ ಹಕ್ಕಿ ಬರುತ್ತದೆಂದು ಹಿರಿಯರು ಕಿರಿಯರಿಗೆ ಹೇಳಿಕೊಟ್ಟಿದ್ದರಿಂದಲೇ ಈ ಹವ್ಯಾಸ ನಮ್ಮಲ್ಲಿ ಬೆಳೆದಿದೆ. ಆದರೆ ‘ಕೆರೆ ಏರಿ ದಾಟಿದ ಮೇಲೆ ಎಡಕ್ಕೆ, ಜಾಲಿ ಮರಗಳ ಹಿಂದೆ’ ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ ಫೋನಿನ ನಕ್ಷೆಯಲ್ಲಿ ಜಾಗ ಗುರುತಿಸುವ ಪಿನ್ ಹಾಕಿ ಕಳಿಸುವುದಕ್ಕೂ ದೊಡ್ಡ ಅಂತರವಿದೆ. ಬಾಯಿಮಾತು ಕೇಳಿದವರಲ್ಲೇ ಉಳಿಯುತ್ತದೆ. ಪಿನ್ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುತ್ತದೆ, ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ, ನಾವು ಮುಖ ನೋಡದವರ ಕೈಗೂ ಸಿಗುತ್ತದೆ.

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ‘ಹಂಚಿಕೊಳ್ಳಬೇಕೋ, ಬೇಡವೋ’ ಎಂದು ಎರಡು ಹೋಳು ಮಾಡಿ ಚರ್ಚಿಸಲಾಗುತ್ತದೆ. ಒಂದು ಕಡೆಯವರು ಜ್ಞಾನವನ್ನು ಬಚ್ಚಿಡುವುದು ಸ್ವಾರ್ಥ ಎನ್ನುತ್ತಾರೆ, ಇನ್ನೊಂದು ಕಡೆಯವರು ಹೇಳಿದ ಕೂಡಲೇ ಜಾಗ ಹಾಳಾಗುತ್ತದೆ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಗೆರೆ ಎಳೆಯಬೇಕಾದದ್ದು ಬೇರೆ ಕಡೆ. ಒಂದು ಜೀವಿ ಹಾದುಹೋಗುವ ಜಾಗ ಬೇರೆ, ಅದು ಮತ್ತೆ ಮತ್ತೆ ಮರಳಿ ಬರುವ ಜಾಗ ಬೇರೆ. ಮೊದಲನೆಯದನ್ನು ಧಾರಾಳವಾಗಿ ಹೇಳಬಹುದು. ಎರಡನೆಯದನ್ನು, ಅಂದರೆ ಗೂಡು, ಪೊಟರೆ, ಬಿಲ, ಹಗಲು ಕಳೆಯುವ ಕೊಂಬೆ, ಬೇರೂರಿದ ಗಿಡ ಇವುಗಳ ನೆಲೆಯನ್ನು ಸಾರ್ವಜನಿಕವಾಗಿ ಹೇಳಲೇಬಾರದು. ನೋಡುವವರ ಸ್ವಂತ ಮನೆಗೂ ಇದೇ ನಿಯಮ ಅನ್ವಯಿಸುತ್ತದೆ.

ಮೊದಲಿಗೆ, ಸ್ಥಳದ ಮಾಹಿತಿ ಹಂಚಿಕೊಂಡಿದ್ದರಿಂದ ಆಗಿರುವ ಲಾಭವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವು ಆಡುಬಾನ್ ಸಂಸ್ಥೆಯೊಡನೆ ಸೇರಿ 2002ರಲ್ಲಿ ಆರಂಭಿಸಿದ ಇ-ಬರ್ಡ್ ಎಂಬ ಜಾಲತಾಣದಲ್ಲಿ ಇಂದು ಭಾರತದ ಸಾವಿರಾರು ಹವ್ಯಾಸಿಗಳು ತಾವು ಕಂಡ ಹಕ್ಕಿಗಳ ಪಟ್ಟಿಯನ್ನು ಸ್ಥಳ, ಸಮಯ, ಸಂಖ್ಯೆಗಳ ಸಮೇತ ದಾಖಲಿಸುತ್ತಾರೆ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಗೆ 30,000ಕ್ಕೂ ಹೆಚ್ಚು ವೀಕ್ಷಕರ ಸುಮಾರು 3 ಕೋಟಿ ದಾಖಲೆಗಳೇ ಆಧಾರ. ಅದು 942 ಪ್ರಭೇದಗಳನ್ನು ಪರಿಶೀಲಿಸಿ, 178 ಪ್ರಭೇದಗಳಿಗೆ ಸಂರಕ್ಷಣೆಯ ತುರ್ತು ಇದೆ ಎಂದು ಗುರುತಿಸಿತು. ಸರ್ಕಾರದ ಯಾವ ಇಲಾಖೆಗೂ ಇಷ್ಟು ಕಣ್ಣುಗಳಿಲ್ಲ. ಕೆರೆಯೊಂದನ್ನು ಮುಚ್ಚಿ ಬಡಾವಣೆ ಮಾಡಲು ಹೊರಟಾಗ, ಹುಲ್ಲುಗಾವಲನ್ನು ‘ಬಂಜರು’ ಎಂದು ಬರೆದು ಕೈಗಾರಿಕೆಗೆ ಕೊಡಲು ಹೊರಟಾಗ, ‘ಇಲ್ಲಿ ಇಂತಿಂಥ ಹಕ್ಕಿಗಳಿವೆ, ಇಷ್ಟು ವರ್ಷಗಳಿಂದ ಇವೆ’ ಎಂದು ತೋರಿಸಲು ದಾಖಲೆ ಬೇಕು. ದಾಖಲೆಯಿಲ್ಲದ ಜಾಗವನ್ನು ಕಳೆದುಕೊಳ್ಳುವುದು ಸುಲಭ. ಆದ್ದರಿಂದ ‘ಏನನ್ನೂ ಹೇಳಬೇಡಿ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಹೇಳುವುದೆಂದರೆ ಎಷ್ಟು ಹೇಳುವುದು? ಇದು ಅಂಕಿಗಳ ವಿಷಯ, ಬಹಳ ಮಂದಿ ಗಮನಿಸದ ವಿಷಯವೂ ಹೌದು. ಫೋನು ಕೊಡುವ ಅಕ್ಷಾಂಶ ರೇಖಾಂಶಗಳಲ್ಲಿ ದಶಮಾಂಶ ಬಿಂದುವಿನ ನಂತರ ಎಷ್ಟು ಅಂಕಿಗಳಿವೆ ಎಂಬುದರ ಮೇಲೆ ನಾವು ಎಷ್ಟು ಬಿಟ್ಟುಕೊಡುತ್ತಿದ್ದೇವೆ ಎಂಬುದು ನಿಂತಿದೆ. ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಬೆಂಗಳೂರಿನ ನಡುಭಾಗದ ಅಕ್ಷಾಂಶವನ್ನೇ ತೆಗೆದುಕೊಳ್ಳೋಣ. 12.9 ಎಂದು ಬರೆದರೆ ಸುಮಾರು 11 ಕಿಲೋಮೀಟರ್ ಅಗಲದ ಪಟ್ಟಿಯೊಂದನ್ನು ಹೇಳಿದಂತೆ. 12.97 ಎಂದರೆ ಸುಮಾರು 1.1 ಕಿಲೋಮೀಟರ್, ಅಂದರೆ ಒಂದು ಬಡಾವಣೆಯಷ್ಟು. 12.971 ಎಂದರೆ ಸುಮಾರು 110 ಮೀಟರ್, ಒಂದು ಬೀದಿ. 12.9716 ಎಂದರೆ 11 ಮೀಟರ್, ಒಂದು ಮನೆ ಅಥವಾ ಒಂದು ದೊಡ್ಡ ಮರ. ಇನ್ನೊಂದು ಅಂಕಿ ಸೇರಿದರೆ ಒಂದು ಮೀಟರಿಗೆ ಇಳಿಯುತ್ತದೆ. ನಕ್ಷೆಯ ಆ್ಯಪ್‌ನಿಂದ ನೇರವಾಗಿ ಕಳಿಸಿದ ಪಿನ್‌ನಲ್ಲಿ ಬಿಂದುವಿನ ನಂತರ ಐದು, ಆರು ಅಂಕಿಗಳಿರುವುದು ಸಾಮಾನ್ಯ. ಒಂದು ಪ್ರಭೇದ ಯಾವ ತಾಲ್ಲೂಕಿನಲ್ಲಿದೆ ಎಂದು ತಿಳಿಯಲು ಒಂದೇ ಅಂಕಿ ಸಾಕು. ಐದನೆಯ ಅಂಕಿ ಬೇಕಾಗುವುದು ಆ ಜೀವಿಯ ಮುಂದೆ ಹೋಗಿ ನಿಲ್ಲಬೇಕೆನ್ನುವವರಿಗೆ.

ಹಾಗೆ ಹೋಗಿ ನಿಲ್ಲುವವರಲ್ಲಿ ಹಿಡಿದು ಮಾರುವವರೂ ಇರುತ್ತಾರೆ. ದಕ್ಷಿಣ ಚೀನಾ ಮತ್ತು ಉತ್ತರ ವಿಯೆಟ್ನಾಂ ಭಾಗದ ಗೋನಿಯುರೋಸಾರಸ್ ಲೂಯಿ ಎಂಬ ಗುಹಾವಾಸಿ ಹಲ್ಲಿಯನ್ನು ವಿಜ್ಞಾನಿಗಳು 1999ರಲ್ಲಿ ವಿವರಿಸಿ, ರೂಢಿಯಂತೆ ಅದು ಸಿಕ್ಕ ಸ್ಥಳವನ್ನೂ ಪ್ರಕಟಿಸಿದರು. ಸಾಕುಪ್ರಾಣಿ ಸಂಗ್ರಾಹಕರು ಆ ಪ್ರಬಂಧವನ್ನೇ ದಾರಿದೀಪ ಮಾಡಿಕೊಂಡು ಅಲ್ಲಿಗೆ ನುಗ್ಗಿದರು. ಒಂದೊಂದು ಹಲ್ಲಿಯ ಬೆಲೆ 1,500ರಿಂದ 2,000 ಡಾಲರ್‌ವರೆಗೆ ಏರಿತು, ಮೊದಲು ಕಂಡ ಜಾಗದಲ್ಲಿ ಅದು ನಿರ್ನಾಮವಾಯಿತು. ವೈಜ್ಞಾನಿಕ ವಿವರಣೆಯೇ ಪ್ರಭೇದಕ್ಕೆ ಮುಳುವಾಗಬಹುದೆಂದು ಸಂಶೋಧಕರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎಚ್ಚರಿಸಿದ್ದು ಈ ಪ್ರಕರಣವನ್ನು ಮುಂದಿಟ್ಟುಕೊಂಡೇ. ಅದೇ ಪತ್ರಿಕೆಯಲ್ಲಿ 2017ರಲ್ಲಿ ಆಸ್ಟ್ರೇಲಿಯಾದ ಪರಿಸರ ವಿಜ್ಞಾನಿಗಳಾದ ಡೇವಿಡ್ ಲಿಂಡೆನ್‌ಮೇಯರ್ ಮತ್ತು ಬೆನ್ ಶೀಲ್, ಅಪರೂಪದ ಜೀವಿಗಳ ನಿಖರ ಸ್ಥಳವನ್ನು ಪ್ರಕಟಿಸುವ ಪರಿಪಾಠವನ್ನೇ ಬಿಡಬೇಕೆಂದು ವಾದಿಸಿದರು. ಬ್ರಿಟನ್ನಿನಲ್ಲಿ ನಿರ್ನಾಮವಾಯಿತೆಂದು ಭಾವಿಸಿದ್ದ ಲೇಡೀಸ್ ಸ್ಲಿಪ್ಪರ್ ಎಂಬ ಆರ್ಕಿಡ್‌ನ ಒಂದೇ ಒಂದು ಕಾಡುಗಿಡ 1930ರಲ್ಲಿ ಯಾರ್ಕ್‌ಶೈರ್‌ನಲ್ಲಿ ಕಂಡಾಗ, ಅದನ್ನು ಬಲ್ಲ ಕೆಲವೇ ಮಂದಿ ದಶಕಗಳ ಕಾಲ ಜಾಗವನ್ನು ಬಾಯಿಬಿಡದೆ ಕಾದರು. ಆ ಗಿಡ ಉಳಿದದ್ದು ಅದರಿಂದ.

ಇದು ದೂರದ ದೇಶಗಳ ಕತೆಯಷ್ಟೇ ಅಲ್ಲ. ಬಳ್ಳಾರಿಯ ಆಚೆ ಇರುವ ಆಂಧ್ರದ ಗುತ್ತಿಯ ರೈಲ್ವೆ ಕಟ್ಟಿಗೆ ಅಂಗಳದಲ್ಲಿ ಸಿಕ್ಕ ನೀಲಿ ಬಣ್ಣದ ಜೇಡವೊಂದನ್ನು 1899ರಲ್ಲಿ ವಿವರಿಸಲಾಗಿತ್ತು. ನೂರು ವರ್ಷ ಯಾರ ಕಣ್ಣಿಗೂ ಬೀಳದೆ, 2001ರಲ್ಲಿ ನಂದ್ಯಾಲ ಗಿದ್ದಲೂರು ನಡುವಿನ ಕಾಡಿನಲ್ಲಿ ಅದು ಮತ್ತೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಯುರೋಪ್ ಮತ್ತು ಅಮೆರಿಕದ ಜೇಡ ಸಾಕುವವರ ನಡುವೆ ಅದು ಪ್ರಿಯವಾದ ಸರಕಾಯಿತು. ಇಂದು ಅದು ಅತ್ಯಂತ ಗಂಭೀರ ಅಪಾಯದಲ್ಲಿರುವ ಪ್ರಭೇದ. 2025ರ ಏಪ್ರಿಲ್‌ನಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹದಿಹರೆಯದವರು ಸುಮಾರು 5,000 ಇರುವೆಗಳನ್ನು ಸಣ್ಣ ನಳಿಕೆಗಳಲ್ಲಿ ತುಂಬಿಟ್ಟುಕೊಂಡು ಸಿಕ್ಕಿಬಿದ್ದರು. ಇರುವೆಗೂ ಕಳ್ಳಸಾಗಣೆಯ ಮಾರುಕಟ್ಟೆ ಇದೆಯೆಂದ ಮೇಲೆ ‘ಇದನ್ನು ಯಾರು ಕದಿಯುತ್ತಾರೆ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ನಮ್ಮ ಬಯಲುಸೀಮೆಯ ನಕ್ಷತ್ರ ಆಮೆ ಸಾಕುಪ್ರಾಣಿ ವ್ಯಾಪಾರಕ್ಕೆ, ಮಣ್ಣುಮುಕ್ಕ ಹಾವು ನಿಧಿಯ ಮತ್ತು ಅದೃಷ್ಟದ ಮೂಢನಂಬಿಕೆಗೆ, ಕಾಡುಪಾಪ ಮಾಟಮಂತ್ರಕ್ಕೆ, ಚಿಪ್ಪುಹಂದಿ ಚಿಪ್ಪಿಗಾಗಿ ಬಲಿಯಾಗುತ್ತಿವೆ. ದೀಪಾವಳಿ ಹತ್ತಿರವಾದಾಗ ಗೂಬೆಗಳನ್ನು ಹಿಡಿದು ಬಲಿ ಕೊಡುವ ಪದ್ಧತಿ ಉತ್ತರ ಭಾರತದಲ್ಲಿ ಇನ್ನೂ ಜೀವಂತವಾಗಿದ್ದು, ವನ್ಯಜೀವಿ ಸಂಘಟನೆಗಳು ಈ ಬಗ್ಗೆ ಎಚ್ಚರಿಸುತ್ತಲೇ ಬಂದಿವೆ. ಗೂಬೆ ಹಗಲೆಲ್ಲ ಒಂದೇ ಕೊಂಬೆಯಲ್ಲಿ, ಒಂದೇ ಪೊಟರೆಯ ಬಾಯಲ್ಲಿ ಕುಳಿತಿರುತ್ತದೆ. ಛಾಯಾಗ್ರಾಹಕರಿಗೆ ಅದು ಅಚ್ಚುಮೆಚ್ಚಾಗಲು ಕಾರಣವಾದ ಆ ಗುಣವೇ ಹಿಡಿಯುವವರಿಗೂ ಅನುಕೂಲ.

ಆದರೂ ನನ್ನನ್ನು ಹೆಚ್ಚು ಕಾಡುವುದು ಪ್ರೀತಿಯಿಂದ ಬರುವವರ ಗುಂಪು. ದಾಂಡೇಲಿ ಸುತ್ತಲಿನ ಕಾಳಿ ಕಣಿವೆಯಲ್ಲಿ ಕಾಣುವ ಮಂಗಟ್ಟೆ ಹಕ್ಕಿಯನ್ನು ನೋಡಿ. ಬೇಸಿಗೆಗೆ ಮುನ್ನ ಹೆಣ್ಣು ಮಂಗಟ್ಟೆ ಹಳೆಯ ದೊಡ್ಡ ಮರವೊಂದರ ಪೊಟರೆಯೊಳಗೆ ಸೇರಿಕೊಂಡು, ಬಾಯಿಯನ್ನು ಒಳಗಿನಿಂದಲೇ ಮೆತ್ತಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ವಾರಗಟ್ಟಲೆ ಅದರ ಹೊಟ್ಟೆಯೂ, ಮೊಟ್ಟೆಯೊಡೆದ ಮೇಲೆ ಮರಿಗಳ ಹೊಟ್ಟೆಯೂ ಗಂಡು ತರುವ ಹಣ್ಣಿನ ಮೇಲೆಯೇ ನಿಂತಿರುತ್ತವೆ. ಗಂಡು ಮಂಗಟ್ಟೆ ಸಂಕೋಚದ ಹಕ್ಕಿ. ಮರದ ಕೆಳಗೆ ಜನ, ಕಾರು, ಟ್ರೈಪಾಡ್ ಕಂಡರೆ ದೂರದ ಮರದಲ್ಲಿ ಕುಳಿತು ಕಾಯುತ್ತದೆ, ಇಲ್ಲವೇ ತಂದ ಹಣ್ಣನ್ನು ಕೊಡದೆ ಹಿಂದಿರುಗುತ್ತದೆ. ಒಬ್ಬರು ಹತ್ತು ನಿಮಿಷ ನಿಂತು ಹೋದರೆ ಏನೂ ಆಗದಿರಬಹುದು. ಆದರೆ ಪಿನ್ ಹಿಡಿದು ಬಂದ ಒಂದೊಂದೇ ಗುಂಪು ಬೆಳಗಿನಿಂದ ಸಂಜೆಯವರೆಗೆ ಸರದಿಯಂತೆ ನಿಂತರೆ, ಯಾರೊಬ್ಬರೂ ತಪ್ಪು ಮಾಡಿದಂತೆ ಕಾಣದಿದ್ದರೂ ಒಳಗಿನ ಮರಿಗೆ ಆ ದಿನ ಊಟವಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಹತ್ತು ನಿಮಿಷವಷ್ಟೇ ಗೊತ್ತು, ಒಟ್ಟು ಎಷ್ಟಾಯಿತೆಂದು ಗೊತ್ತಿರುವುದು ಹಕ್ಕಿಗೆ ಮಾತ್ರ. ಮಂಗಟ್ಟೆ ಅದೇ ಪೊಟರೆಗೆ ವರ್ಷ ವರ್ಷವೂ ಬರುತ್ತದೆ. ಆದ್ದರಿಂದ ಈ ವರ್ಷ ಹಾಕಿದ ಪಿನ್ ಮುಂದಿನ ವರ್ಷಕ್ಕೂ, ಅದರ ಮುಂದಿನ ವರ್ಷಕ್ಕೂ ಕೆಲಸ ಮಾಡುತ್ತಲೇ ಇರುತ್ತದೆ.

ಈ ಕಾರಣದಿಂದಲೇ ‘ಸ್ವಲ್ಪ ದಿನ ಬಿಟ್ಟು ಹಾಕಿ’ ಎಂಬ ಪ್ರಚಲಿತ ಸಲಹೆಯನ್ನು ಯೋಚಿಸಿ ಬಳಸಬೇಕು. ವಲಸೆ ಬಂದ ಸೆಳೆವ ಎಂಬ ಬೇಟೆಹಕ್ಕಿ ಹುಲ್ಲುಗಾವಲಿನ ಮೇಲೆ ಹಾರಾಡಿ ಹೊರಟುಹೋದ ಮೇಲೆ ಜಾಗ ಹೇಳಿದರೆ ಅದಕ್ಕೇನೂ ತೊಂದರೆಯಿಲ್ಲ, ಅಲ್ಲಿ ಸಮಯವೇ ಮರೆ. ಪೊಟರೆ, ಬಂಡೆಯ ಸಂದು, ಆರ್ಕಿಡ್, ಜೇಡದ ಮರ ಇವುಗಳ ವಿಷಯದಲ್ಲಿ ಆರು ತಿಂಗಳು ತಡ ಮಾಡಿದರೂ ಪ್ರಯೋಜನವಿಲ್ಲ, ಏಕೆಂದರೆ ಅವು ಅಲ್ಲೇ ಇರುತ್ತವೆ. ಅಲ್ಲಿ ಮರೆ ಮಾಡಬೇಕಾದದ್ದು ಸ್ಥಳವನ್ನೇ. ಕಾನೂನು ಕೂಡ ಗೂಡನ್ನು ಹೀಗೆಯೇ ನೋಡುತ್ತದೆ ಎಂಬುದು ಬಹಳ ಹವ್ಯಾಸಿಗಳಿಗೆ ತಿಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ವ್ಯಾಖ್ಯೆಯೊಳಗೆ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲದೆ ಕಾಡುಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಗೂಡಿನ ಮುಂದೆ ಕೊಂಬೆ ಕತ್ತರಿಸಿ ‘ಕ್ಲೀನ್ ಫ್ರೇಮ್’ ಮಾಡಿಕೊಳ್ಳುವ ಛಾಯಾಗ್ರಾಹಕ ತನ್ನನ್ನು ಬೇಟೆಗಾರ ಎಂದು ಎಂದೂ ಭಾವಿಸಿರಲಾರ. ಕಾಯ್ದೆಯ ಅಕ್ಷರ ಅವನನ್ನೂ ಮುಟ್ಟಬಲ್ಲದು.

ದೊಡ್ಡ ದಾಖಲಾತಿ ತಾಣಗಳು ಈ ಸಮಸ್ಯೆಯನ್ನು ಗಂಭೀರವಾಗಿ ತೆಗೆದುಕೊಂಡಿವೆ. ಇ-ಬರ್ಡ್ ಸೂಕ್ಷ್ಮ ಪ್ರಭೇದಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ಆ ಪಟ್ಟಿಯ ಹಕ್ಕಿಗಳ ದಾಖಲೆ ಸಾರ್ವಜನಿಕರಿಗೆ 20 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಚೌಕಕ್ಕಿಂತ ನಿಖರವಾಗಿ ಕಾಣುವುದಿಲ್ಲ. ಆ 400 ಚದರ ಕಿಲೋಮೀಟರ್ ಎಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಹಳೆಯ ವ್ಯಾಪ್ತಿಯ ಅರ್ಧಕ್ಕಿಂತ ಹೆಚ್ಚು. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐನ್ಯಾಚುರಲಿಸ್ಟ್‌ನಲ್ಲಿ ಪ್ರತಿ ದಾಖಲೆಗೂ ‘ಮುಕ್ತ’, ‘ಮಸುಕು’, ‘ಖಾಸಗಿ’ ಎಂಬರ್ಥದ ಮೂರು ಆಯ್ಕೆಗಳಿವೆ. ಮಸುಕು ಮಾಡಿದರೆ ನಿಜವಾದ ಬಿಂದುವಿನ ಬದಲು ಸುಮಾರು 22 ಕಿಲೋಮೀಟರ್ ಅಗಲದ ಚೌಕದೊಳಗಿನ ಯಾವುದೋ ಒಂದು ಬಿಂದು ಕಾಣುತ್ತದೆ. ಅಪಾಯದಲ್ಲಿರುವ ಪ್ರಭೇದಗಳಿಗೆ ತಾಣವೇ ತಾನಾಗಿ ಹೀಗೆ ಮಾಡುತ್ತದೆ. ಅಲ್ಲಿನ ಇನ್ನೊಂದು ಎಚ್ಚರಿಕೆ ನನಗೆ ಬಹಳ ಮೆಚ್ಚುಗೆಯಾದದ್ದು. ಮಸುಕು ದಾಖಲೆಯ ದಿನಾಂಕವನ್ನೂ ಮುಚ್ಚಿ, ತಿಂಗಳನ್ನು ಮಾತ್ರ ತೋರಿಸುತ್ತಾರೆ. ಏಕೆಂದರೆ ಅದೇ ವ್ಯಕ್ತಿ ಅದೇ ದಿನ ಏಳು ಗಂಟೆಗೆ ಒಂದು ಚಿಟ್ಟೆಯನ್ನೂ ಏಳೂವರೆಗೆ ಒಂದು ಕಪ್ಪೆಯನ್ನೂ ಒಂದೇ ಕಣಿವೆಯಲ್ಲಿ ಮುಕ್ತವಾಗಿ ದಾಖಲಿಸಿದ್ದರೆ, ನಡುವೆ ಏಳೂಕಾಲಿಗೆ ಕಂಡ ಮಸುಕು ಆರ್ಕಿಡ್ ಎಲ್ಲಿದೆಯೆಂದು ಊಹಿಸಲು ಪತ್ತೇದಾರಿಕೆ ಬೇಕಿಲ್ಲ.

ಇಷ್ಟೆಲ್ಲ ಇದ್ದರೂ ಯಂತ್ರದ ಪಟ್ಟಿ ಪ್ರಭೇದವನ್ನು ನೋಡುತ್ತದೆ, ಗೂಡನ್ನು ನೋಡುವುದಿಲ್ಲ. ಊರಿನ ಹಾಲಕ್ಕಿ ಸಾಮಾನ್ಯ ಹಕ್ಕಿಯೆಂದು ಪಟ್ಟಿಯ ಹೊರಗೆ ಉಳಿದರೂ ಅದರ ಮರಿಗಳಿರುವ ಪೊಟರೆ ಸಾಮಾನ್ಯ ಜಾಗವಾಗುವುದಿಲ್ಲ. ಇ-ಬರ್ಡ್‌ನಲ್ಲಿ ಮುಚ್ಚಿದ ಹಕ್ಕಿಯನ್ನು ಅದೇ ದಿನ ಇನ್‌ಸ್ಟಾಗ್ರಾಮ್‌ನಲ್ಲಿ ಊರಿನ ಹೆಸರಿನ ಸಮೇತ ಹಾಕುವುದೂ ನಡೆಯುತ್ತದೆ. ಇಲ್ಲಿ ವೀಕ್ಷಕರ ತೀರ್ಮಾನವೇ ಕೊನೆಯ ಬೇಲಿ. ನಿಖರ ಮಾಹಿತಿ ವಿಜ್ಞಾನಕ್ಕೆ ಬೇಕು, ಅದನ್ನು ಮಸುಕು ಮಾಡುವ ವ್ಯವಸ್ಥೆಯಿರುವ ದಾಖಲಾತಿ ತಾಣಕ್ಕೆ ಐದು ಅಂಕಿಗಳ ಸಮೇತ ಕೊಡೋಣ. ಮೆಚ್ಚುಗೆಗಾಗಿ ಹಾಕುವ ಚಿತ್ರಕ್ಕೆ ಜಿಲ್ಲೆಯ ಹೆಸರು ಧಾರಾಳವಾಯಿತು.

ಇನ್ನು ವೀಕ್ಷಕರ ಸ್ವಂತ ಸುರಕ್ಷೆ. ಬಾಲ್ಕನಿಯಲ್ಲಿ ಕಾಫಿ ಹಿಡಿದು ಕುಳಿತು ಹಕ್ಕಿ ಎಣಿಸುವುದು ಚಂದದ ಅಭ್ಯಾಸ. ಫೆಬ್ರವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಹೀಗೆ ಪಾಲ್ಗೊಂಡು ಹವ್ಯಾಸಕ್ಕೆ ಬಂದವರು ಅನೇಕರು. ಆದರೆ ದಿನವೂ ಬೆಳಿಗ್ಗೆ 6:40ಕ್ಕೆ ಆರಂಭವಾಗುವ, ಒಂದೇ ಬಿಂದುವಿನಿಂದ ಬರುವ, ‘ನಮ್ಮ ಮನೆ’ ಎಂದು ಹೆಸರಿಟ್ಟ ಪಟ್ಟಿಗಳನ್ನು ನಿಜನಾಮದಲ್ಲಿ ಸಾರ್ವಜನಿಕಗೊಳಿಸಿದರೆ ಏನಾಗುತ್ತದೆಂದು ಒಮ್ಮೆ ಹೊರಗಿನವರ ಕಣ್ಣಿನಿಂದ ನೋಡಬೇಕು. ಆ ಪಟ್ಟಿ ಮನೆ ಎಲ್ಲಿದೆ, ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ ಎಂಬುದನ್ನು ಹೇಳುತ್ತದೆ. ಒಂದು ವಾರ ಪಟ್ಟಿ ಮಸಿನಗುಡಿಯಿಂದ ಬಂದರೆ, ಮನೆಗೆ ಬೀಗ ಹಾಕಿದೆ ಎಂಬುದನ್ನೂ ಹೇಳುತ್ತದೆ. ಒಬ್ಬರೇ ಕ್ಷೇತ್ರಕ್ಕೆ ಹೋಗುವ ಮಹಿಳೆಯರಿಗೆ ಇದು ಇನ್ನೂ ಭಾರವಾದ ವಿಷಯ. ‘ಪ್ರತಿ ಬುಧವಾರ ಇದೇ ಕೆರೆ’ ಎಂಬ ಕ್ರಮ ವಿಜ್ಞಾನಕ್ಕೆ ಬೆಲೆಬಾಳುವಂಥದ್ದು, ಹಿಂಬಾಲಿಸುವವನಿಗೂ ಅಷ್ಟೇ. ಹೆಸರು ಕಾಣದಂತೆ ಮಾಡಿಕೊಳ್ಳುವ ಅವಕಾಶ ಇ-ಬರ್ಡ್‌ನಲ್ಲಿದೆ. ಮನೆಯ ಪಟ್ಟಿಯ ಬಿಂದುವನ್ನು ಹತ್ತಿರದ ಉದ್ಯಾನಕ್ಕೆ ಅಥವಾ ಬಡಾವಣೆಯ ನಡುಭಾಗಕ್ಕೆ ಸರಿಸಿದರೆ ಮನೆಗುಬ್ಬಿಯ ಲೆಕ್ಕಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ.

ಹೆಸರು ತೆಗೆದರೆ ಸಾಕು ಎಂದೂ ನಂಬುವಂತಿಲ್ಲ. 15 ಲಕ್ಷ ಜನರ ಹದಿನೈದು ತಿಂಗಳ ಮೊಬೈಲ್ ಸ್ಥಳ ಮಾಹಿತಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸ್ಥಳ ಮತ್ತು ಹೊತ್ತು ಗೊತ್ತಿರುವ ನಾಲ್ಕೇ ಬಿಂದುಗಳಿದ್ದರೆ ಆ ರಾಶಿಯೊಳಗೆ ನೂರಕ್ಕೆ 95 ಮಂದಿಯನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ತೋರಿಸಿತು. ಓಟಗಾರರು, ಸೈಕಲ್ ಸವಾರರು ಬಳಸುವ ಸ್ಟ್ರಾವಾ ಆ್ಯಪ್ 2017ರ ನವೆಂಬರ್‌ನಲ್ಲಿ ತನ್ನ ಬಳಕೆದಾರರ 100 ಕೋಟಿ ಚಟುವಟಿಕೆಗಳನ್ನು ಯಾರ ಹೆಸರೂ ಇಲ್ಲದೆ ಒಂದೇ ಭೂಪಟದಲ್ಲಿ ಬೆಳಗಿಸಿ ತೋರಿಸಿತು. ಮೂರು ತಿಂಗಳೊಳಗೆ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬರು, ಕತ್ತಲೆಯಾಗಿರಬೇಕಾದ ಮರುಭೂಮಿಗಳ ನಡುವೆ ಸೇನಾ ನೆಲೆಗಳ ಆವರಣಗಳು ಹೊಳೆಯುತ್ತಿರುವುದನ್ನು ತೋರಿಸಿಕೊಟ್ಟರು. 2024ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ‘ಲ ಮಾಂಡ್’ ಪತ್ರಿಕೆ, ದೇಶನಾಯಕರ ಅಂಗರಕ್ಷಕರ ಓಟದ ದಾಖಲೆಗಳ ಜಾಡು ಹಿಡಿದು ನಾಯಕರು ಎಲ್ಲಿ ತಂಗಿದ್ದರೆಂದು ಪತ್ತೆ ಮಾಡಿತು. ಮನೆಯ ಸುತ್ತ ಒಂದು ವೃತ್ತ ಎಳೆದು ಅದರೊಳಗಿನ ಜಾಡನ್ನು ಅಳಿಸುವ ಸೌಲಭ್ಯ ಇಂಥ ಆ್ಯಪ್‌ಗಳಲ್ಲಿ ಇರುತ್ತದೆ. ಆದರೆ ಹಲವು ದಿನಗಳ ಓಟಗಳು ಬೇರೆ ಬೇರೆ ದಿಕ್ಕಿನಲ್ಲಿ ಕತ್ತರಿಸಿಹೋಗುವ ತುದಿಗಳನ್ನು ಸೇರಿಸಿದರೆ ವೃತ್ತವೂ ಅದರ ನಡುಬಿಂದುವೂ ಕಾಣಿಸಿಕೊಳ್ಳುತ್ತವೆ. ವೃತ್ತ ದೊಡ್ಡದಾಗಿರಬೇಕು, ಮನೆ ಅದರ ನಟ್ಟನಡುವೆ ಇರಬಾರದು.

ಕಾನೂನಿನ ರಕ್ಷಣೆ ಇಲ್ಲಿ ಎಲ್ಲಿಯವರೆಗೆ? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ತೀರ್ಪಿನ ಬೆನ್ನಿಗೆ ರೂಪುಗೊಂಡ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳ ಮೇಲೆ ಹಲವು ಕರ್ತವ್ಯಗಳನ್ನು ಹೊರಿಸುತ್ತದೆ. ಆದರೆ ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರ 3ನೆಯ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ನಾವೇ ಹಾಕಿದ ಪಿನ್‌ಗೆ ನಾವೇ ಹೊಣೆ.

ಪಿನ್ ಹಾಕದಿದ್ದರೂ ಚಿತ್ರವೇ ಜಾಗ ಹೇಳಬಹುದು. ಕ್ಯಾಮೆರಾಗೆ ಸ್ಥಳದ ಅನುಮತಿ ಕೊಟ್ಟಿದ್ದರೆ ಫೋನು ತೆಗೆದ ಪ್ರತಿ ಚಿತ್ರದ ಕಡತದೊಳಗೂ ಅಕ್ಷಾಂಶ ರೇಖಾಂಶಗಳು ಅಚ್ಚಾಗಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅವು ಕಳಚಿಹೋಗುತ್ತವೆ. ಗುಣಮಟ್ಟ ಕೆಡಬಾರದೆಂದು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೆಯೇ ಉಳಿಯುತ್ತವೆ, ಛಾಯಾಗ್ರಾಹಕರು ಹೆಚ್ಚಾಗಿ ಬಳಸುವುದು ಈ ಎರಡನೆಯ ದಾರಿಯನ್ನೇ. ಅಂಕಿಗಳನ್ನು ಅಳಿಸಿದ ಮೇಲೂ ಹಿನ್ನೆಲೆಯ ಬೆಟ್ಟದ ಏಣು, ಗಾಳಿಯಂತ್ರಗಳ ಸಾಲು, ಕೆರೆಯ ತೂಬು, ದೇವಸ್ಥಾನದ ಗೋಪುರ ಉಳಿಯುತ್ತವೆ. ಇವನ್ನು ಓದಿ ಜಾಗ ಗುರುತಿಸುವುದು ಈಚಿನವರೆಗೆ ಊರು ಬಲ್ಲವರ ಕೆಲಸವಾಗಿತ್ತು. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಚಿತ್ರ ತೋರಿಸಿದರೆ ಮಣ್ಣಿನ ಬಣ್ಣ, ಮರಗಳು, ಫಲಕದ ಲಿಪಿ ನೋಡಿ ಊಹೆ ಮಾಡಿಕೊಡುತ್ತವೆ, ಅದು ಹಲವು ಸಲ ಬೆಚ್ಚಿಬೀಳಿಸುವಷ್ಟು ಹತ್ತಿರವಾಗಿರುತ್ತದೆ. ಗೂಬೆಯ ಚಿತ್ರ ಹಾಕುವವರು ಹಕ್ಕಿಯ ಸುತ್ತ ಬಿಗಿಯಾಗಿ ಕತ್ತರಿಸಿ ಹಾಕುವುದು ಒಳ್ಳೆಯದು.

ಈ ಚರ್ಚೆಯಲ್ಲಿ ಯಾರೂ ಕೇಳದೆ ಬಿಡುವ ಮೂರನೆಯವರಿದ್ದಾರೆ, ಆ ಜಾಗದ ಜನ. ಗೂಬೆಯ ಗೂಡಿರುವ ಬಂಡೆ ಯಾರದೋ ಹೊಲದಂಚಿನಲ್ಲಿರುತ್ತದೆ. ನಕ್ಷೆಯಲ್ಲಿ ಪಿನ್ ಬಿದ್ದ ಮೇಲೆ ಆ ರೈತನ ಬೆಳೆಯ ನಡುವೆ ದಾರಿ ಬೀಳುತ್ತದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಹರಿದುಬಂದ ಚಾರಣಿಗರ ದಂಡಿನ ಚಿತ್ರಗಳನ್ನು ನಾಡೆಲ್ಲ ನೋಡಿತು. ಅದಾದ ಮೇಲೆ, ಆನ್‌ಲೈನ್ ನೋಂದಣಿ ವ್ಯವಸ್ಥೆಯಿಲ್ಲದ ಕಡೆ ಚಾರಣವನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ಆದರೆ ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯೂ ನಮ್ಮಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ, ಆಲ, ಅರಳಿ ಮರಗಳಲ್ಲಿ, ಮನೆಗಳ ಪಕ್ಕದಲ್ಲೇ ಗೂಡು ಕಟ್ಟುತ್ತವೆ. ಊರಿನ ಹೆಸರಿನಲ್ಲೇ ಹಕ್ಕಿಯಿದೆ, ಜಾಗ ಲೋಕಕ್ಕೆಲ್ಲ ಗೊತ್ತು. ಆದರೂ ಹಕ್ಕಿಗಳು ಉಳಿದಿರುವುದು ಊರವರು ಅವನ್ನು ತಮ್ಮವೆಂದು ಕಂಡಿದ್ದರಿಂದ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಹೆಜ್ಜಾರ್ಲೆ ಬಳಗ ಅಲ್ಲಿದೆ, 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಅಲ್ಲಿ ಹಕ್ಕಿಯ ಹತ್ತಿರ ಯಾರಾದರೂ ತಪ್ಪಾಗಿ ನಡೆದುಕೊಂಡರೆ ಕೇಳುವ ಜನರಿದ್ದಾರೆ. ಹಾಗಾಗಿ, ನೆಲೆಯನ್ನು ಮುಚ್ಚಿಡಬೇಕೆಂಬ ನಿಯಮಕ್ಕೆ ಒಂದೇ ಒಂದು ವಿನಾಯಿತಿ ಇದೆಯೆಂದರೆ, ಕಾಯುವವರು ಅಲ್ಲೇ ಇದ್ದು, ಹೇಳಲು ಅವರೇ ಒಪ್ಪಿರುವ ಜಾಗ. ಆ ಒಪ್ಪಿಗೆ ಕೊಡುವ ಹಕ್ಕು ವಾರಾಂತ್ಯಕ್ಕೆ ಬಂದುಹೋಗುವ ನಮ್ಮದಲ್ಲ.

ಗುಟ್ಟಿನ ಕೆಡುಕನ್ನೂ ಹೇಳದೆ ಬಿಟ್ಟರೆ ಅನ್ಯಾಯವಾದೀತು. ‘ಹಕ್ಕಿಯ ಹಿತಕ್ಕಾಗಿ’ ಎಂದು ಹೊಸಬರಿಗೆ ಜಾಗ ಹೇಳದೆ, ತಮಗೆ ಬೇಕಾದ ಹತ್ತು ಮಂದಿಗೆ ಮಾತ್ರ ಒಳಗಿಂದೊಳಗೆ ಪಿನ್ ಕಳಿಸುವುದು ನಮ್ಮ ಗುಂಪುಗಳಲ್ಲಿ ಸಾಮಾನ್ಯವಾಗಿದೆ. ಆ ಹತ್ತು ಮಂದಿ ತಲಾ ಹತ್ತು ಮಂದಿಗೆ ಕಳಿಸಿದರೆ ಹಕ್ಕಿಗೆ ಆಗುವ ತೊಂದರೆ ಅಷ್ಟೇ, ಹೊಸಬರಿಗೆ ಆಗುವ ಅವಮಾನ ಮಾತ್ರ ಹೆಚ್ಚು. ಹಣವುಳ್ಳವರು ಗೈಡ್ ಹಿಡಿದು ಅದೇ ಗೂಡಿನ ಮುಂದೆ ನಿಲ್ಲುತ್ತಾರೆ. ಇದು ಸಂರಕ್ಷಣೆ ಅಲ್ಲ. ಗೂಡಿನ ಜಾಗ ಯಾರಿಗೂ ಇಲ್ಲ ಎಂದಾದರೆ ಹಿರಿಯರಿಗೂ ಇಲ್ಲ, ಸ್ಪರ್ಧೆಗೆ ಚಿತ್ರ ಬೇಕಾದವರಿಗೂ ಇಲ್ಲ. ಅದೇ ಹೊತ್ತಿಗೆ ಕೆರೆ, ಹುಲ್ಲುಗಾವಲು, ಸಾರ್ವಜನಿಕ ಕಾಡುದಾರಿಗಳ ವಿಷಯದಲ್ಲಿ ಹೊಸಬರಿಗೆ ಕೈಹಿಡಿದು ತೋರಿಸುವಷ್ಟು ಔದಾರ್ಯ ಇರಬೇಕು. ಹೆಸರಘಟ್ಟದ ಹುಲ್ಲುಗಾವಲನ್ನು ಜನ ಬಲ್ಲವರಾದ್ದರಿಂದಲೇ ಅದರ ಉಳಿವಿಗಾಗಿ ದನಿ ಎತ್ತುವವರು ಸಿಕ್ಕರು.

ಗುಂಪುಗಳನ್ನು ನಡೆಸುವವರು ಒಂದು ಕೆಲಸವನ್ನು ಈಗಲೇ ಮಾಡಬಹುದು. ಮುಂದೆ ಹಾಕುವ ಚಿತ್ರಗಳಿಗೆ ನಿಯಮ ಬರೆಯುವುದರ ಜೊತೆಗೆ, ಹಿಂದೆ ಹಾಕಿದ್ದನ್ನು ಕೆದಕಿ ನೋಡಬೇಕು. ಮಂಗಟ್ಟೆಯ ಪೊಟರೆ, ಗೂಬೆಯ ಬಂಡೆ, ಕಾಡುಪಾಪ ಇರುವ ತೋಪುಗಳ ಪಿನ್‌ಗಳು ನಾಲ್ಕೈದು ವರ್ಷ ಹಳೆಯ ಸಂದೇಶಗಳಲ್ಲಿ ಹುದುಗಿ ಕುಳಿತಿವೆ, ಹುಡುಕಿದವರಿಗೆ ಇಂದೂ ಸಿಗುತ್ತವೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನ ಹಳೆಯ ಚಿತ್ರಗಳಿಂದ ಸ್ಥಳದ ಹೆಸರನ್ನು ತೆಗೆಯಲು, ಐನ್ಯಾಚುರಲಿಸ್ಟ್‌ನ ಹಳೆಯ ದಾಖಲೆಯನ್ನು ಮಸುಕಿಗೆ ಬದಲಿಸಲು ಅವಕಾಶವಿದೆ. ವಾಟ್ಸ್ಆ್ಯಪ್‌ನಲ್ಲಿ ಬೇರೆಯವರ ಫೋನಿಗೆ ಇಳಿದದ್ದನ್ನು ವರ್ಷಗಳ ನಂತರ ಅಳಿಸಲಾಗದು, ಆದ್ದರಿಂದ ಅಲ್ಲಿ ನೆಲೆಯ ಪಿನ್ ಹಾಕದಿರುವುದೊಂದೇ ದಾರಿ. ಮಂಗಟ್ಟೆಗಳು ಪೊಟರೆ ಹುಡುಕಲು ಆರಂಭಿಸುವುದು ವರ್ಷದ ಮೊದಲ ತಿಂಗಳುಗಳಲ್ಲಿ. ಅಷ್ಟರೊಳಗೆ ಈ ಕೆಲಸ ಮುಗಿಯಬೇಕು.